14 ಟ್ರ್ಯಾಕು, ಒಂದು ಸಣ್ಣ ಪರದೆ: ತಾಳಮದ್ದಳೆಯ ಎಡಿಟಿಂಗಿನಲ್ಲಿ ಟ್ರ್ಯಾಕಿನ ಎತ್ತರವನ್ನು ಎಷ್ಟಿಟ್ಟುಕೊಳ್ಳಬೇಕು?

ನೀರ್ಚಾಲಿನ ಹವ್ಯಾಸಿ:

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಬಂಧುಗಳ ಮನೆಯ ಚಾವಡಿಯಲ್ಲಿ ನಡೆದ ತಾಳಮದ್ದಳೆಯೊಂದನ್ನು (ವೇಷ, ಕುಣಿತಗಳಿಲ್ಲದೆ ಕುಳಿತೇ ನಡೆಸುವ ಯಕ್ಷಗಾನ) ಡಿಜಿಟಲ್ ಮಿಕ್ಸರಿನಿಂದ ಒಂದೊಂದು ಮೈಕಿಗೆ ಒಂದೊಂದು ಟ್ರ್ಯಾಕಿನಂತೆ ರೆಕಾರ್ಡ್ ಮಾಡಿಕೊಂಡಿದ್ದೆ. ಪದ್ಯ ಹಾಡುವ ಭಾಗವತರಿಗೆ ಒಂದು, ಚೆಂಡೆಗೆ ಒಂದು, ಮದ್ದಳೆಯ ಎರಡು ಬದಿಗೆ ಎರಡು, ಚಕ್ರತಾಳಕ್ಕೆ ಒಂದು, ಶ್ರುತಿಗೆ ಒಂದು, ಪಾತ್ರಗಳ ಮಾತನ್ನಾಡುವ ಅರ್ಥಧಾರಿಗಳಿಗೆ ಆರು, ಸಭೆಯ ಕಡೆಗೆ ತಿರುಗಿಸಿಟ್ಟ ಎರಡು ಮೈಕು, ಹೀಗೆ ಒಟ್ಟು 14 ಟ್ರ್ಯಾಕುಗಳು. ಎಡಿಟಿಂಗ್ ಮಾಡುವುದು ಆಡಾಸಿಟಿ ಎಂಬ ಸಾಫ್ಟ್‌ವೇರಿನಲ್ಲಿ. ಅದರಲ್ಲಿ ಪ್ರತಿ ಟ್ರ್ಯಾಕೂ ಶಬ್ದದ ಅಲೆಯ ಚಿತ್ರವಿರುವ ಒಂದು ಅಡ್ಡ ಸಾಲಾಗಿ ಕಾಣುತ್ತದೆ. ಲ್ಯಾಪ್‌ಟಾಪಿನ ಪರದೆ 1366 ಅಗಲ, 768 ಎತ್ತರದ ಹಳೆಯ ಅಳತೆಯದು.

ಇಷ್ಟು ಟ್ರ್ಯಾಕುಗಳನ್ನು ತೆರೆದ ಕೂಡಲೇ ಪರದೆಯಲ್ಲಿ ಮೂರೋ ನಾಲ್ಕೋ ಮಾತ್ರ ಕಾಣುತ್ತಿದ್ದವು, ಉಳಿದವುಗಳಿಗಾಗಿ ಕೆಳಗೆ ಮೇಲೆ ಸರಿಸುತ್ತಲೇ ಇರಬೇಕಾಗುತ್ತಿತ್ತು. ಅದರಿಂದ ಬೇಸತ್ತು ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿ ಪರದೆಯೊಳಗೆ ಹಿಡಿಸಿಕೊಂಡು ಕೆಲಸ ಮಾಡಿದೆ. ಒಬ್ಬರು ಅರ್ಥ ಹೇಳುತ್ತಿರುವಾಗ ಉಳಿದ ಐದು ಮೈಕುಗಳು ಫ್ಯಾನಿನ ಶಬ್ದವನ್ನೂ ಹೊರಗಿನ ಮಳೆಯನ್ನೂ ಹಿಡಿಯುತ್ತಿದ್ದುದರಿಂದ, ಆ ಟ್ರ್ಯಾಕುಗಳಲ್ಲಿ ಗೆರೆ ಚಪ್ಪಟೆಯಾಗಿ ಕಂಡ ಕಡೆಗಳನ್ನೆಲ್ಲ ಆಯ್ದು ಕಂಟ್ರೋಲ್ ಮತ್ತು ಎಲ್ ಒತ್ತಿ ನಿಶ್ಶಬ್ದ ಮಾಡಿದೆ. ಅಲ್ಲಿಯೇ ತಪ್ಪಿದ್ದು. ಪ್ರಸಂಗದ ಒಂದು ಕಡೆ ಎದುರಿನ ಅರ್ಥಧಾರಿಗಳು ತಲೆ ತಗ್ಗಿಸಿಕೊಂಡು, ಬಹಳ ಮೆಲ್ಲನೆ, “ಅದಕ್ಕೇನೀಗ?” ಎಂದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ಮೊದಲಿನವರು ಹತ್ತು ನಿಮಿಷ ವಾದ ಬೆಳೆಸಿದ್ದಾರೆ. ನಾನು ಸಿದ್ಧಪಡಿಸಿದ ಪ್ರತಿಯಲ್ಲಿ ಆ ಪ್ರಶ್ನೆಯೇ ಇಲ್ಲ, ಸಭೆಯ ಮೈಕಿನಲ್ಲಿ ಅದರ ಛಾಯೆಯಷ್ಟೇ ಉಳಿದಿದೆ. ಕೇಳಿದ ಹಿರಿಯರೊಬ್ಬರು, “ಅದಕ್ಕೇನು ಎಂದು ಕೇಳಿದೆಯಲ್ಲ ಎನ್ನುತ್ತಾರೆ, ಕೇಳಿದವರು ಯಾರು?” ಎಂದು ವಿಚಾರಿಸಿದಾಗಲೇ ನನಗೆ ಗೊತ್ತಾದದ್ದು.

ಟ್ರ್ಯಾಕುಗಳನ್ನು ದೊಡ್ಡದು ಮಾಡಿದರೆ ಒಟ್ಟು ಚಿತ್ರ ಕೈ ತಪ್ಪುತ್ತದೆ, ಸಣ್ಣದು ಮಾಡಿದರೆ ಹೀಗಾಗುತ್ತದೆ. ಇಷ್ಟು ಟ್ರ್ಯಾಕುಗಳನ್ನು ನಿಭಾಯಿಸುವವರು ಎತ್ತರವನ್ನು ಹೇಗೆ ಹೊಂದಿಸಿಕೊಳ್ಳುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಬೇಕು.

ಪೆರ್ಲದ ಸಂಕಲನಕಾರ:

ಅಣ್ಣ, ನಿಮ್ಮ ಕಿವಿ ತಪ್ಪಿದ್ದಲ್ಲ, ಪರದೆಯ ಲೆಕ್ಕವೇ ಹಾಗಿದೆ. ಅದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಲೆಕ್ಕ ಒಮ್ಮೆ ಮನಸ್ಸಿನಲ್ಲಿ ಕುಳಿತರೆ ಯಾವ ಸಾಫ್ಟ್‌ವೇರಿನಲ್ಲಿಯೂ ಎತ್ತರ ಎಷ್ಟಿರಬೇಕೆಂದು ನೀವೇ ನಿರ್ಧರಿಸಬಹುದು.

ನಿಮ್ಮ ಪರದೆಯ 768 ಪಿಕ್ಸೆಲ್ ಎತ್ತರದಲ್ಲಿ ಮೆನು, ಗುಂಡಿಗಳ ಪಟ್ಟಿ, ಕಾಲದ ಅಳತೆಪಟ್ಟಿ, ಕೆಳಗಿನ ಟಾಸ್ಕ್‌ಬಾರ್ ಇವೆಲ್ಲ ಕಳೆದು ಟ್ರ್ಯಾಕುಗಳಿಗೆ ಉಳಿಯುವುದು ಸುಮಾರು 500 ಎಂದಿಟ್ಟುಕೊಳ್ಳೋಣ. 14ರಿಂದ ಭಾಗಿಸಿದರೆ ಒಂದು ಟ್ರ್ಯಾಕಿಗೆ 35 ಪಿಕ್ಸೆಲ್ ಬರುತ್ತದೆ. ನಡುವಿನ ಸೊನ್ನೆಯ ಗೆರೆಯಿಂದ ಮೇಲಕ್ಕೆ 17, ಕೆಳಕ್ಕೆ 17. ಟ್ರ್ಯಾಕಿನ ಹೆಸರಿನ ಪಟ್ಟಿಯೂ ಅದರೊಳಗೇ ಇದ್ದರೆ ಇನ್ನೂ ಕಡಿಮೆ.

ಇನ್ನು ಶಬ್ದದ ಕಡೆಯಿಂದ ನೋಡೋಣ. ಸಾಮಾನ್ಯವಾದ ಲೀನಿಯರ್ ಚಿತ್ರದಲ್ಲಿ, ಅಂದರೆ ಅಲೆಯನ್ನು ಇದ್ದ ಪ್ರಮಾಣದಲ್ಲೇ ಬಿಡಿಸುವ ಚಿತ್ರದಲ್ಲಿ, ಪೂರ್ಣ ಮಟ್ಟಕ್ಕಿಂತ 6 ಡೆಸಿಬೆಲ್ ಕೆಳಗಿರುವ ಧ್ವನಿ ಅರ್ಧ ಎತ್ತರದಲ್ಲಿ ಕಾಣುತ್ತದೆ. 20 ಡೆಸಿಬೆಲ್ ಕೆಳಗಿದ್ದರೆ ಹತ್ತರಲ್ಲಿ ಒಂದು ಪಾಲು, 40 ಡೆಸಿಬೆಲ್ ಕೆಳಗಿದ್ದರೆ ನೂರರಲ್ಲಿ ಒಂದು ಪಾಲು. ಗಟ್ಟಿಯಾಗಿ ಅರ್ಥ ಹೇಳುವವರ ಮಾತು ನಿಮ್ಮ 17 ಪಿಕ್ಸೆಲುಗಳಲ್ಲಿ ಎಂಟನ್ನೋ ಒಂಬತ್ತನ್ನೋ ತುಂಬುವಾಗ, 40 ಡೆಸಿಬೆಲ್ ಕೆಳಗಿನ ಮೆಲುಮಾತಿಗೆ ಸಿಗುವುದು ಪಿಕ್ಸೆಲಿನ ಆರನೇ ಒಂದು ಪಾಲು. ಅಷ್ಟನ್ನು ಪರದೆ ಬಿಡಿಸುವುದಾದರೂ ಹೇಗೆ? ಅದು ನೇರ ಗೆರೆಯೇ ಆಗಿಬಿಡುತ್ತದೆ. ಅದೇ ಟ್ರ್ಯಾಕನ್ನು 400 ಪಿಕ್ಸೆಲಿಗೆ ಎತ್ತರಿಸಿದರೆ ಅದೇ ಮಾತು ಗೆರೆಯ ಎರಡೂ ಬದಿಗೆ ಎರಡೆರಡು ಪಿಕ್ಸೆಲಿನಷ್ಟು ಉಬ್ಬಿ ಕಾಣುತ್ತದೆ. ಸಣ್ಣ ಉಬ್ಬೇ, ಆದರೆ ಇಲ್ಲೇನೋ ಇದೆ ಎಂದು ತಿಳಿಯಲು ಸಾಕು.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಟ್ರ್ಯಾಕಿನ ಎತ್ತರ ಒಂದು ಸಲ ಹೊಂದಿಸಿ ಬಿಟ್ಟುಬಿಡುವ ಸಂಗತಿಯಲ್ಲ. ಯಾರ ನಂತರ ಯಾರು ಮಾತನಾಡಿದರು, ಪದ್ಯ ಎಲ್ಲಿ ಆರಂಭವಾಯಿತು ಎಂದು ನೋಡುವಾಗ ಎಲ್ಲವೂ ಕುಗ್ಗಿರಲಿ. ಅಳಿಸುವ, ಕತ್ತರಿಸುವ, ನಿಶ್ಶಬ್ದಗೊಳಿಸುವ ಕೈ ಮುಂದೆ ಹೋಗುವ ಮೊದಲು ಆ ಟ್ರ್ಯಾಕು ದೊಡ್ಡದಾಗಲೇಬೇಕು. ಕುಗ್ಗಿದ ಟ್ರ್ಯಾಕಿನ ಮೇಲೆ ನಾನು ಯಾವ ಅಳಿಸುವ ಕೆಲಸವನ್ನೂ ಮಾಡುವುದಿಲ್ಲ.

ಮಂಜೇಶ್ವರದ ಟೀಚರ್:

ನಾನು ಮಕ್ಕಳಿಂದ ಯಕ್ಷಗಾನದ ಪದ್ಯಗಳನ್ನೂ ಕಥೆಗಳನ್ನೂ ಹೇಳಿಸಿ ರೆಕಾರ್ಡ್ ಮಾಡಿಸುವವಳು. ನಮ್ಮಲ್ಲಿ ಟ್ರ್ಯಾಕುಗಳು ಐದಾರು ಮೀರುವುದಿಲ್ಲ, ಆದರೂ ಆಡಾಸಿಟಿಯಲ್ಲಿ ಎತ್ತರ ಬದಲಿಸುವುದನ್ನೇ ಮೊದಲ ಪಾಠವಾಗಿ ಕಲಿಸುತ್ತೇನೆ. ಇದೇ ಸಾಫ್ಟ್‌ವೇರ್ ಬಳಸುವವರಿಗಾಗಿ ಬರೆಯುತ್ತಿದ್ದೇನೆ.

ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಎಲ್ಲ ಟ್ರ್ಯಾಕುಗಳೂ ಮಡಚಿಕೊಳ್ಳುತ್ತವೆ. ಸಿ ಬದಲಿಗೆ ಎಕ್ಸ್ ಒತ್ತಿದರೆ ಮಡಚಿದವು ಬಿಡಿಸಿಕೊಳ್ಳುತ್ತವೆ, ಎಫ್ ಒತ್ತಿದರೆ ಎಲ್ಲವೂ ಪರದೆಯ ಎತ್ತರಕ್ಕೆ ಹೊಂದಿಕೊಳ್ಳುತ್ತವೆ. ಇವು ಕೈಗೆ ಬಾರದಿದ್ದರೆ ವ್ಯೂ ಮೆನುವಿನೊಳಗೆ ಟ್ರ್ಯಾಕ್ ಸೈಜ್ ಎಂಬಲ್ಲಿ ಸಿಗುತ್ತವೆ. ಒಂದೇ ಟ್ರ್ಯಾಕನ್ನು ಮಡಚಲು ಅದರ ಎಡಬದಿಯ ಪಟ್ಟಿಯ ತಳದಲ್ಲಿರುವ ಸಣ್ಣ ತ್ರಿಕೋನವನ್ನು ಒತ್ತಿದರಾಯಿತು; ಬೇಕಾದಷ್ಟೇ ಎತ್ತರಿಸಲು ಟ್ರ್ಯಾಕಿನ ಕೆಳ ಅಂಚನ್ನು ಹಿಡಿದು ಎಳೆಯಬೇಕು. ಮಡಚಿದ ಟ್ರ್ಯಾಕು ಎಂದಿನಂತೆಯೇ ಕೇಳಿಸುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಕಾಣದ್ದು ಮ್ಯೂಟ್ ಆಗಿದೆ ಎಂದೇ ಅವರು ಭಾವಿಸುತ್ತಾರೆ.

ನಿಮ್ಮ ಪರದೆ ಸಣ್ಣದಾದ್ದರಿಂದ ಇನ್ನೊಂದು ದಾರಿಯೂ ಇದೆ. ಟ್ರ್ಯಾಕಿನ ಎಡಕ್ಕೆ ಲಂಬವಾಗಿರುವ ಅಳತೆಪಟ್ಟಿಯ ಮೇಲೆ ಮೌಸಿನ ಬಲಗುಂಡಿ ಒತ್ತಿದರೆ ಚಿತ್ರವನ್ನು ಲೀನಿಯರ್‌ನಿಂದ ಡೆಸಿಬೆಲಿಗೆ ಬದಲಿಸುವ ಆಯ್ಕೆ ಸಿಗುತ್ತದೆ. ಹಳೆಯ ಆವೃತ್ತಿಗಳಲ್ಲಿ ಇದು ಟ್ರ್ಯಾಕಿನ ಹೆಸರಿನ ಮೆನುವಿನಲ್ಲಿತ್ತು. ಡೆಸಿಬೆಲ್ ಚಿತ್ರದಲ್ಲಿ ಮೆಲುದನಿ ಎತ್ತಿ ಕಾಣುತ್ತದೆ. ಸಂಕಲನಕಾರರ ಲೆಕ್ಕವನ್ನೇ ಮುಂದುವರಿಸಿದರೆ, ಚಿತ್ರ ತೋರಿಸುವ ವ್ಯಾಪ್ತಿ 60 ಡೆಸಿಬೆಲ್ ಇದ್ದಾಗ 40 ಡೆಸಿಬೆಲ್ ಕೆಳಗಿನ ಮಾತು ಅರ್ಧ ಎತ್ತರದ ಮೂರನೇ ಒಂದು ಪಾಲನ್ನು ತುಂಬುತ್ತದೆ, ಅಂದರೆ 17ರಲ್ಲಿ ಐದಾರು ಪಿಕ್ಸೆಲ್. ಕುಗ್ಗಿದ ಟ್ರ್ಯಾಕಿನಲ್ಲಿಯೂ “ಅದಕ್ಕೇನೀಗ” ಕಂಡೇ ಕಾಣುತ್ತಿತ್ತು.

ಪೆರ್ಲದ ಸಂಕಲನಕಾರ:

ಟೀಚರೇ, ನೀವು ಹೇಳಿದ್ದು ನೂರಕ್ಕೆ ನೂರು ಸರಿ, ನಾನು ಆ ದಾರಿಯನ್ನು ಬರೆಯಬೇಕಿತ್ತು. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಡೆಸಿಬೆಲ್ ಚಿತ್ರದಲ್ಲಿ ಮಳೆ, ಫ್ಯಾನು ಇವೂ ಎತ್ತಿ ಕಾಣುವುದರಿಂದ ಖಾಲಿ ಜಾಗವೂ ತುಂಬಿದಂತೆ ತೋರುತ್ತದೆ. ಅಲ್ಲಿ ಹುಡುಕಬೇಕಾದದ್ದು ಆಕಾರವನ್ನು: ಮಳೆಯದು ಒಂದೇ ಸಮನಾದ ಪಟ್ಟಿ, ಮಾತಿನದು ಅದರ ಮೇಲೆ ಏಳುವ ಗುಡ್ಡೆ.

ಅದೇ ಬಲಗುಂಡಿಯ ಮೆನುವಿನಲ್ಲಿ ಹಾಫ್ ವೇವ್ ಎಂಬ ಆಯ್ಕೆಯೂ ಇದೆ. ಅಲೆಯ ಮೇಲಿನ ಅರ್ಧವನ್ನು ಮಾತ್ರ ಪೂರ್ಣ ಎತ್ತರಕ್ಕೆ ಬಿಡಿಸುವುದರಿಂದ 35 ಪಿಕ್ಸೆಲೂ ಒಂದೇ ಬದಿಗೆ ಸಿಗುತ್ತದೆ. ಸಣ್ಣ ಪರದೆಯವರಿಗೆ ಉಪಯುಕ್ತವೇ. ಆದರೆ ಮನುಷ್ಯರ ಧ್ವನಿಯ ಅಲೆ ಎಷ್ಟೋ ಸಲ ಮೇಲೆ ಕೆಳಗೆ ಸಮವಾಗಿರುವುದಿಲ್ಲ. ಶಬ್ದ ಮಿತಿ ಮೀರಿ ಕೆಳಬದಿಯ ತುದಿ ಒಡೆದಿದ್ದರೆ ಈ ನೋಟದಲ್ಲಿ ಅದು ಕಾಣದೇ ಹೋಗಬಹುದು, ಹೀಗಾಗಿ ಒಡಕು ಹುಡುಕುವಾಗ ಪೂರ್ತಿ ಅಲೆಗೆ ಮರಳಬೇಕು.

ಕುಂಬಳೆಯ ವಿದ್ಯಾರ್ಥಿ:

ನನ್ನದು ಇದರ ತಿರುಗುಮುರುಗಾದ ತೊಂದರೆ. ನಾನು ರೀಪರ್ ಎಂಬ ಬೇರೆ ಎಡಿಟಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಕಳೆದ ವಾರ ಯಾವುದೋ ಕೀ ಒತ್ತಿದ ಮೇಲೆ ಎಲ್ಲ ಟ್ರ್ಯಾಕುಗಳ ಅಲೆಗಳೂ ಅಂಚಿನಿಂದ ಅಂಚಿಗೆ ತುಂಬಿ, ರೆಕಾರ್ಡಿಂಗ್ ಪೂರ್ತಿ ಒಡೆದುಹೋದ ಹಾಗೆ ಕಾಣತೊಡಗಿತು. ಹೆದರಿ ಪ್ರತಿಯೊಂದು ಟ್ರ್ಯಾಕಿನ ವಾಲ್ಯೂಮನ್ನೂ ಇಳಿಸಿದೆ. ಆಮೇಲೆ ಕೇಳಿದರೆ ಎಲ್ಲವೂ ಸಣ್ಣ ದನಿಯಲ್ಲಿ ಕೇಳುತ್ತಿದೆ. ಟ್ರ್ಯಾಕಿನ ಎತ್ತರ ಮಾತ್ರ ಮೊದಲಿದ್ದಷ್ಟೇ ಇದೆ. ಇದು ಏನೆಂದು ಯಾರಾದರೂ ತಿಳಿಸುವಿರಾ?

ಪೆರ್ಲದ ಸಂಕಲನಕಾರ:

ತಮ್ಮ, ನೀನು ಶಿಫ್ಟ್ ಹಿಡಿದು ಮೇಲ್ಮುಖ ಬಾಣದ ಕೀ ಒತ್ತಿರಬೇಕು. ರೀಪರಿನಲ್ಲಿ ಅದು ಅಲೆಯ ಚಿತ್ರವನ್ನು ಮಾತ್ರ ಹಿಗ್ಗಿಸುತ್ತದೆ, ಶಬ್ದವನ್ನು ಮುಟ್ಟುವುದಿಲ್ಲ. ಶಿಫ್ಟ್ ಹಿಡಿದು ಕೆಳಮುಖ ಬಾಣ ಒತ್ತಿದರೆ ಚಿತ್ರ ಮೊದಲಿನಂತಾಗುತ್ತದೆ. ವಾಲ್ಯೂಮುಗಳನ್ನು ಹಿಂದಿನ ಸ್ಥಾನಕ್ಕೆ ತಂದುಬಿಡು, ರೆಕಾರ್ಡಿಂಗಿಗೆ ಏನೂ ಆಗಿಲ್ಲ.

ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳಿವೆ, ಹೊಸಬರಲ್ಲಿ ಹೆಚ್ಚಿನವರು ಇವನ್ನು ಒಂದೇ ಎಂದುಕೊಳ್ಳುತ್ತಾರೆ. ಟ್ರ್ಯಾಕಿನ ಎತ್ತರವೆಂದರೆ ಪಾತ್ರೆಯ ಎತ್ತರ. ಚಿತ್ರದ ಹಿಗ್ಗಿಸುವಿಕೆಯೆಂದರೆ ಅದೇ ಪಾತ್ರೆಯೊಳಗೆ ಅಲೆಯನ್ನು ಎಷ್ಟು ದೊಡ್ಡದಾಗಿ ಬಿಡಿಸಬೇಕೆಂಬುದು. ವಾಲ್ಯೂಮೆಂದರೆ ನಿಜವಾಗಿ ಕಿವಿಗೆ ಬೀಳುವ ಶಬ್ದದ ಪ್ರಮಾಣ. ಒಡೆದಿದೆಯೇ ಎಂಬ ಪ್ರಶ್ನೆಗೆ ಮೊದಲಿನ ಎರಡೂ ಉತ್ತರ ಕೊಡಲಾರವು. ಅದಕ್ಕೆ ಮೀಟರನ್ನು ನೋಡಬೇಕು, ಇಲ್ಲವೇ ಅಡ್ಡಕ್ಕೆ ಬಹಳ ಹಿಗ್ಗಿಸಿ ಅಲೆಯ ತುದಿ ಚಪ್ಪಟೆಯಾಗಿದೆಯೇ ಎಂದು ಪರೀಕ್ಷಿಸಬೇಕು.

ಮುಳ್ಳೇರಿಯ ಮದ್ದಳೆಗಾರ:

ನಾನು ಸಾಫ್ಟ್‌ವೇರ್ ಬಲ್ಲವನಲ್ಲ, ನುಡಿಸುವವನು. ನನ್ನ ಹಲವು ರೆಕಾರ್ಡಿಂಗುಗಳನ್ನು ಬೇರೆಯವರು ಎಡಿಟ್ ಮಾಡಿದ್ದಾರೆ. ಅವರೊಡನೆ ಕುಳಿತು ನೋಡಿದ ಅನುಭವದಿಂದ ಒಂದು ಮಾತು ಹೇಳಬೇಕೆನಿಸಿತು. ಎಡಿಟಿಂಗ್ ಮಾಡುವವರು ಕೇಳುವುದಕ್ಕಿಂತ ನೋಡುವುದೇ ಹೆಚ್ಚಾಗಿಬಿಟ್ಟಿದೆ. ಒಮ್ಮೆ ಒಬ್ಬರು ಪರದೆಯಲ್ಲಿ ಚೆಂಡೆಯ ಪೆಟ್ಟಿಗೂ ಅದೇ ಪೆಟ್ಟು ಭಾಗವತರ ಮೈಕಿನಲ್ಲಿ ಬಿದ್ದದ್ದಕ್ಕೂ ನಡುವೆ ಅಂತರ ಕಂಡು, ಭಾಗವತರ ಟ್ರ್ಯಾಕನ್ನೇ ಹಿಂದಕ್ಕೆ, ಅಂದರೆ ಎಡಕ್ಕೆ, ಸರಿಸಿ ಎರಡನ್ನೂ ಸೇರಿಸಿದರು. ಪರದೆಯಲ್ಲಿ ಪೆಟ್ಟುಗಳು ನೇರವಾಗಿ ಕುಳಿತವು. ಕೇಳುವಾಗ ಪದ ತಾಳಕ್ಕಿಂತ ಮುಂದೆ ಓಡುವಂತೆ ನನಗೆ ಅನಿಸಿತು. ಟ್ರ್ಯಾಕನ್ನು ಎಷ್ಟು ದೊಡ್ಡದು ಮಾಡಿ ನೋಡಿದರೂ ಕಿವಿಗೆ ಕೊಡಬೇಕಾದ ಕೆಲಸವನ್ನು ಕಣ್ಣಿಗೆ ಕೊಟ್ಟರೆ ಪ್ರಯೋಜನವೇನು?

ಪೆರ್ಲದ ಸಂಕಲನಕಾರ:

ಮದ್ದಳೆಗಾರರಿಗೆ ನಮಸ್ಕಾರ. ನೀವು ಹೇಳಿದ ಘಟನೆಯಲ್ಲಿ ಪರದೆ ತೋರಿಸಿದ್ದು ಸುಳ್ಳಲ್ಲ, ಅದನ್ನು ಓದಿದ ರೀತಿ ತಪ್ಪು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುತ್ತದೆ. ಚೆಂಡೆಯವರು ಭಾಗವತರಿಂದ ಮೂರು ಮೀಟರ್ ದೂರದಲ್ಲಿದ್ದರೆ ಆ ಪೆಟ್ಟು ಭಾಗವತರ ಮೈಕಿಗೆ ತಲುಪುವಾಗ ಸುಮಾರು 9 ಮಿಲಿಸೆಕೆಂಡು ಕಳೆದಿರುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲುಗಳ (ಶಬ್ದದ ಬಿಡಿ ಅಳತೆಗಳ) ರೆಕಾರ್ಡಿಂಗಿನಲ್ಲಿ ಅದು ಹತ್ತಿರ ಹತ್ತಿರ 430 ಸ್ಯಾಂಪಲ್. ಎರಡೂ ಟ್ರ್ಯಾಕುಗಳನ್ನು ಎತ್ತರಿಸಿ ಅಡ್ಡಕ್ಕೂ ಹಿಗ್ಗಿಸಿದಾಗ ಈ ಅಂತರ ಕಣ್ಣಿಗೆ ರಾಚುತ್ತದೆ. ಆದರೆ ಭಾಗವತರ ದನಿ ಅವರ ಬಾಯಿಯ ಹತ್ತಿರದಲ್ಲೇ ಇರುವ ಮೈಕಿಗೆ ತಡವಿಲ್ಲದೆ ತಲುಪಿರುತ್ತದೆ. ದೂರದಿಂದ ಬಂದ ಚೆಂಡೆಯ ನೆರಳನ್ನು ಸರಿಪಡಿಸಲು ಹೋಗಿ ಟ್ರ್ಯಾಕು ಸರಿಸಿದರೆ ಅವರ ಪದವೂ ಅದರೊಡನೆ ಸರಿಯುತ್ತದೆ. ಅಷ್ಟು ಸಣ್ಣ ವ್ಯತ್ಯಾಸವನ್ನೂ ಗುರುತಿಸಿದ ನಿಮ್ಮ ಕಿವಿಗೆ ನನ್ನ ಗೌರವ.

ಹಾಗೆಂದು ಕಣ್ಣನ್ನು ಬಿಡಲಾಗುವುದಿಲ್ಲ. ಮೂರೂವರೆ ಗಂಟೆಯ ತಾಳಮದ್ದಳೆಯ 14 ಟ್ರ್ಯಾಕುಗಳನ್ನು ಒಂದೊಂದಾಗಿ ಕೇಳಿದರೆ 49 ಗಂಟೆ ಬೇಕು. ಎಲ್ಲಿ ಕೇಳಬೇಕು ಎಂಬುದನ್ನು ಪರದೆಯಿಂದಲೇ ತಿಳಿಯಬೇಕಾಗುತ್ತದೆ. ನೀರ್ಚಾಲಿನ ಅಣ್ಣನವರ ಪರದೆಯಲ್ಲಿ ಆ ಗುರುತೇ ಬೀಳದಷ್ಟು ಟ್ರ್ಯಾಕು ಕುಗ್ಗಿದ್ದುದರಿಂದ ಅಲ್ಲಿ ಕೇಳಬೇಕೆಂದು ಅವರಿಗೆ ತೋಚಲೇ ಇಲ್ಲ.

ಮುಳ್ಳೇರಿಯ ಮದ್ದಳೆಗಾರ:

ನೀವು ವಿವರಿಸಿದ ಮೇಲೆ ವಿಷಯ ಸ್ಪಷ್ಟವಾಯಿತು. ಹಾಗಾದರೆ ಹಿಮ್ಮೇಳದ, ಅಂದರೆ ಹಾಡು ಮತ್ತು ವಾದ್ಯಗಳ, ಟ್ರ್ಯಾಕುಗಳಲ್ಲಿ ಮದ್ದಳೆಯದ್ದನ್ನು ಸ್ವಲ್ಪ ಎತ್ತರವಾಗಿಯೇ ಇಟ್ಟುಕೊಳ್ಳಿ ಎಂದು ವಿನಂತಿ. ಚೆಂಡೆಯ ಪೆಟ್ಟು ಎಷ್ಟು ಕುಗ್ಗಿದ್ದರೂ ಕಾಣುತ್ತದೆ. ಮದ್ದಳೆಯಲ್ಲಿ ಬೆರಳಿನ ತುದಿಯಿಂದ ಬರುವ ಮೃದುವಾದ ನುಡಿಗಳು ಚಿತ್ರದಲ್ಲಿ ಬೇಗ ಮಾಯವಾಗುತ್ತವೆ. ಪದ್ಯ ಮುಗಿಯುವಲ್ಲಿ ಕತ್ತರಿಸುವವರು ದೊಡ್ಡ ಪೆಟ್ಟು ಕಂಡ ಕೂಡಲೇ ಅಲ್ಲಿಗೇ ಕತ್ತರಿ ಹಾಕುತ್ತಾರೆ, ಅದರ ನಾದ ಉಳಿಯುವುದಿಲ್ಲ.

ಕುಂಬಳೆಯ ವಿದ್ಯಾರ್ಥಿ:

ಸಂಕಲನಕಾರರಿಗೆ ಧನ್ಯವಾದಗಳು, ಶಿಫ್ಟ್ ಮತ್ತು ಬಾಣದ ಕೀಯಿಂದಲೇ ಆಗಿತ್ತು, ಈಗ ಸರಿಹೋಯಿತು. ರೀಪರಿನಲ್ಲಿ ನಾನು ಅನುಸರಿಸುವ ಕ್ರಮವನ್ನು ಬರೆಯುತ್ತೇನೆ. ಹಿಮ್ಮೇಳದ ಆರು ಟ್ರ್ಯಾಕುಗಳನ್ನು ಒಂದು ಫೋಲ್ಡರಿನಲ್ಲಿ, ಅರ್ಥಧಾರಿಗಳ ಆರನ್ನು ಇನ್ನೊಂದರಲ್ಲಿ, ಸಭೆಯ ಎರಡನ್ನು ಮೂರನೆಯದರಲ್ಲಿ ಇಟ್ಟಿದ್ದೇನೆ. ಫೋಲ್ಡರಿನ ಚಿಹ್ನೆಯನ್ನು ಒತ್ತಿದಂತೆಲ್ಲ ಒಳಗಿನ ಟ್ರ್ಯಾಕುಗಳು ಸಣ್ಣದಾಗಿ, ಮತ್ತೆ ಒತ್ತಿದರೆ ಇನ್ನೂ ಕುಗ್ಗಿ, ಕೊನೆಗೆ ಮೊದಲಿನಂತಾಗುತ್ತವೆ. ಹೀಗೆ ಮೂರು ಸಾಲುಗಳಷ್ಟೇ ಪರದೆಯಲ್ಲಿ ಉಳಿಯುವುದರಿಂದ ಕೆಲಸ ಮಾಡುತ್ತಿರುವ ಟ್ರ್ಯಾಕಿಗೆ ಧಾರಾಳವಾಗಿ ಜಾಗ ಸಿಗುತ್ತದೆ. ಕಂಟ್ರೋಲ್ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಎಲ್ಲದರ ಎತ್ತರವೂ ಒಟ್ಟಿಗೆ ಬದಲಾಗುತ್ತದೆ.

ನನ್ನ ಪ್ರಶ್ನೆ ಏನೆಂದರೆ, ಭಾಗವತರ ಟ್ರ್ಯಾಕು ಯಾವಾಗಲೂ ಒಂದೇ ಎತ್ತರದಲ್ಲಿರಬೇಕು, ಚಕ್ರ ತಿರುಗಿಸಿದರೂ ಬದಲಾಗಬಾರದು. ಅದಕ್ಕೆ ದಾರಿಯಿದೆಯೇ? ಹಾಗೆಯೇ, ಟ್ರ್ಯಾಕುಗಳನ್ನು ಕುಗ್ಗಿಸಿದರೆ ಲ್ಯಾಪ್‌ಟಾಪಿಗೆ ಹೊರೆ ಕಡಿಮೆಯಾಗುತ್ತದೆ ಎಂದು ಗೆಳೆಯನೊಬ್ಬ ಹೇಳಿದ್ದು ನಿಜವೇ?

ಪೆರ್ಲದ ಸಂಕಲನಕಾರ:

ಮೊದಲನೆಯದಕ್ಕೆ: ಆ ಟ್ರ್ಯಾಕನ್ನು ಬೇಕಾದ ಎತ್ತರಕ್ಕೆ ಎಳೆದು, ಅದರ ಬಲಗುಂಡಿಯ ಮೆನುವಿನಲ್ಲಿ ಎತ್ತರವನ್ನು ಲಾಕ್ ಮಾಡುವ ಆಯ್ಕೆಯನ್ನು ಹುಡುಕಿ ಒತ್ತು. ಆಯ್ದ ಟ್ರ್ಯಾಕನ್ನು ಹಿಗ್ಗಿಸಿ ಉಳಿದವನ್ನು ಒಮ್ಮೆಗೇ ಕುಗ್ಗಿಸುವ ಆದೇಶವೂ ಆಕ್ಷನ್ ಪಟ್ಟಿಯಲ್ಲಿದೆ, ಅದಕ್ಕೊಂದು ಕೀ ಕೊಟ್ಟುಕೊಂಡರೆ ದಿನಕ್ಕೆ ನೂರು ಸಲ ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಭಾಗಶಃ ಮಾತ್ರ ನಿಜ. ಕುಗ್ಗಿದರೆ ಚಿತ್ರ ಬಿಡಿಸುವ ಕೆಲಸ ಸ್ವಲ್ಪ ಕಡಿಮೆಯಾಗಬಹುದು. ಎಫೆಕ್ಟುಗಳ ಲೆಕ್ಕಾಚಾರ ಒಂದಿಷ್ಟೂ ಕಡಿಮೆಯಾಗದು. ಟ್ರ್ಯಾಕನ್ನು ಪೂರ್ತಿ ಮರೆಮಾಡಿದರೂ ಅದು ಕೇಳಿಸುತ್ತಲೇ ಇರುತ್ತದೆ, ಅದರ ಎಫೆಕ್ಟುಗಳೂ ನಡೆಯುತ್ತಲೇ ಇರುತ್ತವೆ. ಮರೆಮಾಡಿದ್ದನ್ನು ಮರೆತು, ಎಲ್ಲಿಂದಲೋ ಬರುವ ಕೆಮ್ಮಿನ ಶಬ್ದವನ್ನು ಅರ್ಧ ದಿನ ಹುಡುಕಿದವನು ನಾನು.

ಬೇರೆ ಸಾಫ್ಟ್‌ವೇರುಗಳಲ್ಲಿಯೂ ತತ್ತ್ವ ಇದೇ. ಪ್ರೋ ಟೂಲ್ಸಿನಲ್ಲಿ ಮೈಕ್ರೋ, ಮಿನಿ, ಸ್ಮಾಲ್ ಎಂದು ಆರಂಭವಾಗಿ ಜಂಬೋ, ಎಕ್ಸ್‌ಟ್ರೀಮ್ ವರೆಗೆ ಹೆಸರಿಟ್ಟ ಅಳತೆಗಳಿವೆ. ಆರ್ಡರ್ (Ardour) ಎಂಬ ಸಾಫ್ಟ್‌ವೇರಿನಲ್ಲಿ ಸ್ಮಾಲ್‌ನಿಂದ ಲಾರ್ಜೆಸ್ಟ್ ವರೆಗೆ ಇವೆ, ಆಯ್ದ ಟ್ರ್ಯಾಕುಗಳನ್ನು ಪರದೆ ತುಂಬ ಹಿಡಿಸುವ ಆದೇಶವೂ ಇದೆ.

ಮಂಜೇಶ್ವರದ ಟೀಚರ್:

ಪರದೆಯ ಬಗ್ಗೆಯೂ ಒಂದು ಸಲಹೆ. ನಮ್ಮಲ್ಲಿ ಹೆಚ್ಚುವರಿಯಾಗಿ ಒಂದು ಮಾನಿಟರ್ ಇದ್ದುದರಿಂದ ಅದನ್ನು ನಿಲ್ಲಿಸಿ ತಿರುಗಿಸಿ, ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿಯೂ ಪೋರ್ಟ್ರೇಟ್ ಎಂದು ಬದಲಿಸಿದೆವು. 1920 ಪಿಕ್ಸೆಲ್ ಎತ್ತರ ಸಿಕ್ಕಿತು. 14 ಟ್ರ್ಯಾಕುಗಳಿದ್ದರೂ ಒಂದೊಂದಕ್ಕೆ ನೂರಕ್ಕಿಂತ ಹೆಚ್ಚು ಬರುತ್ತದೆ. ಅಗಲ 1080ಕ್ಕೆ ಇಳಿಯುವುದರಿಂದ ಕಾಲದ ಉದ್ದ ಕಡಿಮೆ ಕಾಣುತ್ತದೆ, ಆದರೆ ಮಾತಿನ ಎಡಿಟಿಂಗಿಗೆ ಅದು ನಮಗೆ ತೊಂದರೆಯಾಗಲಿಲ್ಲ.

ನೀರ್ಚಾಲಿನ ಹವ್ಯಾಸಿ:

ಉತ್ತರಿಸಿದ ಎಲ್ಲರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ರಾತ್ರಿ ಕುಳಿತು ಮಾಡಿದ್ದನ್ನು ತಿಳಿಸುತ್ತೇನೆ.

ಪುಣ್ಯಕ್ಕೆ ಮೆಮೊರಿ ಕಾರ್ಡಿನಲ್ಲಿ ಮೂಲ ರೆಕಾರ್ಡಿಂಗನ್ನು ಅಳಿಸಿರಲಿಲ್ಲ. ಅರ್ಥಧಾರಿಗಳ ಆರು ಟ್ರ್ಯಾಕುಗಳನ್ನು ಹೊಸದಾಗಿ ತೆರೆದು, ಟೀಚರ್ ಹೇಳಿದಂತೆ ಡೆಸಿಬೆಲ್ ಚಿತ್ರಕ್ಕೆ ಬದಲಿಸಿ, ಹಿಮ್ಮೇಳವನ್ನೆಲ್ಲ ಮಡಚಿಟ್ಟೆ. ನಾನು ನಿಶ್ಶಬ್ದಗೊಳಿಸಿದ್ದ ಜಾಗಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಮಳೆಯ ಸಮನಾದ ಪಟ್ಟಿಯ ಮೇಲೆ ಮೂರು ಸಣ್ಣ ಗುಡ್ಡೆಗಳು ಒಂದರ ಹಿಂದೆ ಒಂದು ಎದ್ದಿದ್ದವು. ಆ ಟ್ರ್ಯಾಕನ್ನು ಪರದೆಯ ಅರ್ಧದಷ್ಟು ಎತ್ತರಿಸಿ, ಹೆಡ್‌ಫೋನ್ ಹಾಕಿ ಕೇಳಿದರೆ, ಅದೇ “ಅದಕ್ಕೇನೀಗ?” ಅಷ್ಟನ್ನು ನಕಲಿಸಿ ಅದೇ ಸಮಯದ ಗುರುತಿನಲ್ಲಿ ಅಂಟಿಸಿದೆ. ನಿಶ್ಶಬ್ದ ಮಾಡಿದ್ದೆನೇ ಹೊರತು ಕತ್ತರಿಸಿ ತೆಗೆದಿರಲಿಲ್ಲವಾದ್ದರಿಂದ ಮುಂದಿನದು ಯಾವುದೂ ಸರಿದಿರಲಿಲ್ಲ.

ಹಾಗೆ ಹುಡುಕುವಾಗ ಇನ್ನೂ ನಾಲ್ಕು ಕಡೆ ಹೀಗೆಯೇ ಅಳಿಸಿದ್ದು ಸಿಕ್ಕಿತು. ಮೂರು ಬರಿಯ “ಹೂಂ”ಕಾರಗಳು, ಒಂದು ಭಾಗವತರು ಪದ್ಯ ಎತ್ತುವ ಮೊದಲು ಅರ್ಥಧಾರಿಗಳು ಮೆಲ್ಲನೆ ನಕ್ಕದ್ದು. ಐದನ್ನೂ ಮರಳಿ ಸೇರಿಸಿದ್ದೇನೆ. ಮದ್ದಳೆಯ ಎರಡು ಟ್ರ್ಯಾಕುಗಳನ್ನು ಈಗ ಉಳಿದ ಹಿಮ್ಮೇಳಕ್ಕಿಂತ ಎತ್ತರವಾಗಿ ಇಟ್ಟು ಪದ್ಯಗಳ ಕೊನೆಗಳನ್ನು ಪರೀಕ್ಷಿಸುತ್ತಿದ್ದೇನೆ. ಎರಡು ಕಡೆ ನಾದ ಪೂರ್ತಿ ಇಳಿಯುವ ಮೊದಲೇ ಕತ್ತರಿಸಿದ್ದು ಕಂಡಿದೆ, ಅವನ್ನು ಇಂದು ಸರಿಪಡಿಸುತ್ತೇನೆ.

ಮುಳ್ಳೇರಿಯ ಮದ್ದಳೆಗಾರ:

ಬಹಳ ಸಂತೋಷ. ಆ ಎರಡು ಕಡೆಗಳನ್ನು ಮುಗಿಸಿದ ಮೇಲೆ ನನಗೂ ಕೇಳಿಸಿ.